ಬಿಳುಚಿದ ಗಾಡಿ, ಕೆಂಪು ಅಕ್ಷರ

ಮರ್ಯಾದೆ ಅನ್ನೋದು ಕೆಲವರಿಗೆ ಜನ್ಮಕ್ಕೊಂದು ಸಲ ಹೋಗುತ್ತೆ. ನನಗೆ ಗಾಡಿಯ ಸ್ಟ್ಯಾಂಡ್ ತೆಗೆದಾಗಲೆಲ್ಲ ಹೋಗುತ್ತೆ.

ನಾನು ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳೋ ಮೇಷ್ಟ್ರು. ನನ್ನ ಬೈಕು ಮದುವೆಯಲ್ಲಿ ಕೊಪ್ಪದ ಮಾವ ಕೊಡಿಸಿದ್ದು. ಬೇಡ ಅನ್ನೋಕೆ ಆವತ್ತು ಬಾಯಿ ಬರಲಿಲ್ಲ, ಅದು ಮೊದಲನೇ ನಾಚಿಕೆ. ಮಾವ ಅಷ್ಟಕ್ಕೇ ಬಿಡಲಿಲ್ಲ. ಷೋರೂಮಿನಿಂದ ಗಾಡಿಯನ್ನ ಸೀದಾ ಮದ್ದೂರಿನ ರೇಡಿಯಂ ಅಂಗಡಿಗೆ ಹೊಡೆಸಿ, ಎರಡೂ ಸೈಡ್ ಕವರಿನ ಮೇಲೆ ಕೆಂಪು ಅಕ್ಷರ ಕತ್ತರಿಸಿ ಅಂಟಿಸಿಬಿಟ್ಟರು: 'ಮಾವನ ಕೊಡುಗೆ'. ಅದು ಎರಡನೇ ನಾಚಿಕೆ.

ಆಮೇಲೆ ಎಷ್ಟೋ ಬೇಸಿಗೆ ಹೋದವು. ಕಪ್ಪು ಪ್ಲಾಸ್ಟಿಕ್ಕೆಲ್ಲ, ಮಡ್‌ಗಾರ್ಡು, ಸೈಡ್ ಕವರು, ಎಲ್ಲಾ ಬಿಸಿಲಿಗೆ ಬೂದಿ ಬಳಿದ ಹಾಗೆ ಬಿಳುಚಿಕೊಂಡಿತು. ಅಕ್ಷರಕ್ಕೆ ಮಾತ್ರ ಏನೂ ಆಗಲಿಲ್ಲ. ಮಾವ ಒಳ್ಳೇ ಮಾಲೇ ಹಾಕಿಸಿದ್ದರು.

೧. ಡೌಟು

ವರದಕ್ಷಿಣೆ ಪಿಡುಗಿನ ಪಾಠ ನಡೀತಿತ್ತು. ನನಗೆ ಆವೇಶ ಬಂದುಬಿಟ್ಟಿತ್ತು. "ತಗೊಳ್ಳೋನಿಗೆ ನಾಚಿಕೆ ಇರಬೇಕು!" ಅಂತ ಮೇಜು ಗುದ್ದಿದೆ. ಮಕ್ಕಳು ಚಪ್ಪಾಳೆ ಹೊಡೆದರು. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾ, ಒಂದ್ ಡೌಟು. ಮಾವ ಗಾಡಿ ಕೊಡ್ಸುದ್ರೆ ಅದೂ ವರದಕ್ಷಿಣೇನಾ ಸಾ?"

"ಮತ್ತಿನ್ನೇನು? ಅದೂ ವರದಕ್ಷಿಣೇನೇ!" ಅಂತ ಇನ್ನೊಂದು ಗುದ್ದು ಗುದ್ದಿದೆ. ಗುದ್ದಿದ ಮೇಲೆ ಬುದ್ಧಿ ಬಂತು. ಹುಡುಗಿ ನಗಲಿಲ್ಲ. ಕಿಟಕಿಯಾಚೆ ಹೊಂಗೆ ಮರದ ಕೆಳಗೆ ನಿಂತಿದ್ದ ನನ್ನ ಗಾಡಿಯನ್ನ ಒಂದು ಸಲ ನೋಡಿದಳು. ಪಾಪ, ಅವಳಿಗೆ ನಿಜವಾಗಲೂ ಡೌಟೇ ಇತ್ತು.

"ಅದ್ರ ಮೇಲೆ ಬರುಸ್ಕಂಡ್ರೆ ಸಾ?"

೨. ಎಣ್ಣೆ ನೀರು

ಅವತ್ತೇ ಮನೆಗೆ ಬಂದು, ಅಕ್ಷರ ಕಿತ್ತುಹಾಕ್ತೀನಿ ಅಂದೆ. ನನ್ನ ಹೆಂಡತಿ ಅವರೆಕಾಯಿ ಸುಲೀತಾ ಕೂತಿದ್ದಳು. ತಲೆ ಎತ್ತಲಿಲ್ಲ.

"ಕೀಳಿ. ನಮ್ಮಪ್ಪ ಆಸೆಯಿಂದ ಬರ್ಸಿರೋದ್ನ ಕಿತ್ತಾಕಿ. ಆಮೇಕೆ ಆ ಗಾಡಿ ಮೇಲೆ ನೀವೊಬ್ರೇ ಕುಂತ್ಕಂಡ್ ತಿರುಗಿ. ನಾನು ಬಸ್ಸಲ್ ಓಯ್ತೀನಿ."

ಹಾಗಾಗಿ ಬೇರೆ ದಾರಿ ಹುಡುಕಿದೆ. ಗಾಡಿಯನ್ನ ಮೊದಲಿನ ಹಾಗೆ ಕಪ್ಪಗೆ ಮಾಡೋದು. ಆ ನೆಪದಲ್ಲಿ ಅಕ್ಷರ ಉದುರಿಸಿ, "ಒರೆಸ್ತಾ ಒರೆಸ್ತಾ ಅಂಟು ಬಿಟ್ಟುಕೊಂಡಿತು" ಅನ್ನೋದು. ಯಾರೋ ಕೊಬ್ಬರಿ ಎಣ್ಣೆ ಸವರಿ ಅಂದರು. ಸವರಿದೆ. ಆಹಾ! ಗಾಡಿ ಈಗ ತಾನೇ ನೀರಿಂದ ಎದ್ದುಬಂದ ಎಮ್ಮೆ ಥರ ಮಿರಮಿರ ಮಿಂಚಿತು. ಅದೇ ಹುರುಪಿನಲ್ಲಿ ಮದ್ದೂರಿಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಮುಂದೆ ಕಬ್ಬಿನ ಟ್ರಾಕ್ಟರು, ಹಿಂದೆ ನಾನು. ಧೂಳೆಲ್ಲ ಎಣ್ಣೆಗೆ ಮೆತ್ತಿಕೊಂಡಿತು. ಮನೆ ಮುಂದೆ ಇಳಿದಾಗ ಪಕ್ಕದ ಮನೆ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

"ಏನ್ ಮೇಷ್ಟ್ರೇ, ಗಾಡೀಗೂ ಎಣ್ಣೆ ನೀರಾ? ಸೀಗೆಪುಡಿ ಆಕಿ ಅಂಗೇ ಬುಟ್‌ಬುಟ್ಟಿದ್ದೀರಲ್ಲ, ನೀರುಯ್ಯಿ!"

೩. ಆಲೆಮನೆ

ಆಮೇಲೆ ಮೆಕ್ಯಾನಿಕ್ ಒಬ್ಬ ಹೇಳಿದ: "ಬಿಸಿಗಾಳಿ ಮಿಷನ್ನು ಅದೆ ಸಾ. ನಿಧಾನಕ್ಕೆ ಶಾಖ ತೋರ್ಸುದ್ರೆ ಒಳಗಿರೋ ಕಪ್ಪು ಮೇಲಕ್ ಬತ್ತದೆ." ನಾನು ಓದಿದೋನು ನೋಡಿ, ಬರೀ ಶಾಖಕ್ಕೆ ಮಿಷನ್ ಯಾಕೆ ಅಂದುಕೊಂಡೆ. ದುದ್ದದ ಕಡೆ ನನ್ನ ಗೆಳೆಯನೊಬ್ಬನದು ಆಲೆಮನೆ ಇದೆ. ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಬೇಯಿಸಿ ಬೆಲ್ಲ ಮಾಡೋ ಒಲೆಗಿಂತ ಶಾಖ ಇನ್ನೆಲ್ಲಿ ಸಿಗುತ್ತೆ?

ಮೊದಲು ಮುಂದಿನ ಮಡ್‌ಗಾರ್ಡು ಬಿಚ್ಚಿಕೊಂಡು ಹೋದೆ. ಎರಡು ಕಬ್ಬಿನ ಜಲ್ಲೆಗೆ ಸಿಕ್ಕಿಸಿ ಒಲೆ ಬಾಯಿಗೆ ಹಿಡಿದೆ. ಸುಳ್ಳಲ್ಲ, ಕಣ್ಣೆದುರಿಗೇ ಬೂದಿ ಬಣ್ಣ ಹೋಗಿ ಕಪ್ಪು ಉಕ್ಕಿತು.

"ಬಂತು ಕಣ್ಲಾ, ಬಂತು!" ಅಂತ ಕೂಗಿದೆ.

"ಬಂದಿದ್ದು ಓಯ್ತಾ ಅದೆ ನೋಡ್ಲಾ," ಅಂದ ಗೆಳೆಯ, ಬೆಲ್ಲ ತಿರುಗಿಸ್ತಾನೇ.

ಮಡ್‌ಗಾರ್ಡು ಹಪ್ಪಳದ ಹಾಗೆ ಎರಡೂ ಕಡೆಯಿಂದ ಮುದುರಿ ದೊನ್ನೆ ಆಯಿತು. ಆಲೆಮನೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನು ಮಂಡ್ಯಕ್ಕೆ ಹೋಗಿ ನನ್ನ ಸಂಬಳದಲ್ಲಿ ಹೊಸ ಮಡ್‌ಗಾರ್ಡು ತಂದು ಹಾಕಿಸಿದೆ. ಇಡೀ ಗಾಡಿಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ದಿನಾ ಬೆಳಿಗ್ಗೆ ಪಾಠಕ್ಕೆ ಹೊರಡೋ ಮುಂಚೆ ಅದನ್ನ ಕರ್ಚೀಫಿನಲ್ಲಿ ಒರೆಸ್ತಿದ್ದೆ. ಹಳೇದು ಆಲೆಮನೆಯಲ್ಲೇ ಉಳೀತು. ಮುಂದಿನ ಸಲ ಹೋದಾಗ ಅದರಲ್ಲಿ ಕೋಳಿಗಳು ನೀರು ಕುಡೀತಿದ್ದವು.

"ನಿಮ್ಮಾವನ್ ಕೊಡುಗೆ ಕಣ್ಲಾ," ಅಂದ ಗೆಳೆಯ, "ನಮ್ ಕೋಳಿಗೂ ಬಂತು."

೪. ಬೀಗರ ಊಟ

ಹೆಂಡತಿಯ ತಂಗಿ ಮದುವೆ ಆಯಿತು. ಕೊಪ್ಪದ ಮಾವನ ಮನೆಯಲ್ಲಿ ಬೀಗರ ಊಟ. ಹೊಸ ಅಳಿಯ, ಅಂದರೆ ನನ್ನ ಷಡ್ಡಕ, ಸ್ವಂತ ದುಡ್ಡಿನ ಹೊಸ ಬೈಕಿನಲ್ಲಿ ಬರ್ತಾನೆ ಅಂತ ಸುದ್ದಿ. ಅವನ ಪಕ್ಕದಲ್ಲಿ 'ಮಾವನ ಕೊಡುಗೆ' ನಿಲ್ಲಿಸೋದಕ್ಕಿಂತ ನಾಲೆಗೆ ಹಾರೋದು ವಾಸಿ ಅನ್ನಿಸಿತು. ಹೆಂಡತಿ ಮುಂಚೆಯೇ ತವರಿಗೆ ಹೋಗಿದ್ದಳು. ಬೆಳಿಗ್ಗೆ ಒಬ್ಬನೇ ಕೂತು ಉಗುರಲ್ಲಿ ಒಂದೊಂದೇ ಅಕ್ಷರ ಕಿತ್ತೆ.

ಕಿತ್ತರೆ ಏನು ಕಾಣಬೇಕು? ಸ್ಟಿಕ್ಕರಿನ ಅಡಿ ಬಿಸಿಲೇ ಬಿದ್ದಿರಲಿಲ್ಲ. ಸುತ್ತ ಬೂದಿ, ಅಕ್ಷರವಿದ್ದ ಕಡೆ ಮಾತ್ರ ಹೊಸ ಗಾಡಿಯ ಕಪ್ಪು! ಬಟ್ಟೆಯನ್ನ ಡೀಸೆಲ್‌ನಲ್ಲಿ ಅದ್ದಿ ಗಸಗಸ ಒರೆಸಿದೆ. ಎಲ್ಲಾ ಒಂದೇ ಕಪ್ಪಾಯಿತು, ಅಕ್ಷರ ಮಂಗಮಾಯ. ಬದುಕಿದೆ ಅಂದುಕೊಂಡು ಹೊರಟೆ.

ಕೊಪ್ಪದಲ್ಲಿ ಇಳಿದ ಕೂಡಲೇ ಮಾವ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

"ಅಳಿಮಯ್ಯ, ಇಲ್ಲೇನೋ ಇತ್ತಲ್ಲ?"

"ಅಂಟು ಬಿಟ್ಕೊಂಡು ಉದುರೋಯ್ತು ಮಾವ."

"ಎಲ್ಡೂ ಕಡೀಕೂವಾ?"

"ಎರಡೂ ಕಡೆ."

"ಒಟ್ಟಿಗೇಯಾ?"

ನಾನು ಬಗ್ಗಿ ಗಾಡಿಯ ಸ್ಟ್ಯಾಂಡ್ ಸರಿಮಾಡಿದೆ. ಮಾವನ ಮುಖ ಸಣ್ಣಗಾಯಿತು. ಅದನ್ನ ನೋಡಿ ನನಗೂ ಸಂಕಟವಾಯಿತು, ಕೊಟ್ಟೋರು ಅವರೇ ತಾನೆ. ಆದರೆ ಆ ಸಂಕಟ ಪಂಕ್ತಿಯಲ್ಲಿ ಕೂರೋವರೆಗೆ ಮಾತ್ರ. ಮಾವ ತಾವೇ ಬಕೆಟ್ ಹಿಡಿದು ಬಡಿಸಿಕೊಂಡು ಬಂದರು. ಷಡ್ಡಕನ ಎಲೆಗೆ ನಲ್ಲಿ ಮೂಳೆ, ಈಲಿ, ತುಂಡಿನ ಮೇಲೆ ತುಂಡು. ನನ್ನ ಮುದ್ದೆ ಪಕ್ಕಕ್ಕೆ ಬರೀ ಎಸರು. ಬೀಗರ ಊಟದಲ್ಲಿ ಹಿರೀ ಅಳಿಯನ ಎಲೆಗೆ ಬರೀ ಎಸರು! ಸಾಲಿನಲ್ಲಿದ್ದ ಎಲ್ಲರೂ ನೋಡಿದರು. ತಲೆ ತಗ್ಗಿಸಿಕೊಂಡು ಮುದ್ದೆ ನುಂಗಿದೆ.

ಊಟ ಮುಗಿಸಿ ಜನ ಎಲೆಅಡಿಕೆ ಹಾಕಿಕೊಂಡು ಆಚೆ ಬಂದರು. ನನ್ನ ಗಾಡಿ ಅಷ್ಟು ಹೊತ್ತೂ ಉರಿಬಿಸಿಲಲ್ಲಿ ನಿಂತಿತ್ತು. ಬೀಗರ ಕಡೆಯ ಮುದುಕರೊಬ್ಬರು ಅದರ ಮುಂದೆ ಬಗ್ಗಿ ಕೂಡಿಸಿ ಕೂಡಿಸಿ ಓದತೊಡಗಿದರು.

"ಮಾ... ವ... ನ..."

ಡೀಸೆಲ್ ಆರಿತ್ತು. ಕವರು ಮತ್ತೆ ಬೂದಿಯಾಗಿತ್ತು. ನಡುವೆ ಕರ್ರಗೆ, ಕೆಂಪಿದ್ದಾಗ ಕಾಣ್ತಿದ್ದುದಕ್ಕಿಂತ ಚೆನ್ನಾಗಿ: ಮಾವನ ಕೊಡುಗೆ.

ಮಾವ ಓಡಿಬಂದರು. ಒಂದು ಕಡೆ ನೋಡಿದರು, ಸುತ್ತಿ ಬಂದು ಇನ್ನೊಂದು ಕಡೆ ನೋಡಿದರು. ಮುಖ ಊರಗಲ ಆಯಿತು.

"ನೋಡುದ್ರಾ! ಸ್ಟಿಕ್ಕರ್ ಓದ್ರೂ ಎಸ್ರು ಓಗ್ನಿಲ್ಲ! ಕೊಟ್ರೆ ಇಂಗ್ ಕೊಡ್ಬೇಕು ಕಣ್ರಲಾ!"

ಎಲ್ಲರೂ ಬಂದು ಮುಟ್ಟಿ ಮುಟ್ಟಿ ನೋಡಿದರು. ಷಡ್ಡಕ ಫೋಟೋ ತೆಗೆದ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಬಿಡಲಿಲ್ಲ. ಮಾವ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಎರಡನೇ ಪಂಕ್ತಿಯಲ್ಲಿ ಮತ್ತೆ ಕೂರಿಸಿದರು. ಈಗ ಎಲೆ ಕಾಣದಷ್ಟು ಬಾಡು ಬಿತ್ತು. ನಾಚಿಕೆಯಲ್ಲೇ ಅಷ್ಟನ್ನೂ ತಿಂದೆ.

ಹೊರಡುವಾಗ ಮಾವ ಹತ್ತಿರ ಬಂದು ಮೆಲ್ಲಗೆ ಅಂದರು: "ಕಿತ್ತಿದ್ದು ನೀವೇ ಅಂತ ನಂಗೊತ್ತು, ಬುಡಿ ಅಳಿಮಯ್ಯ. ಮದ್ದೂರ್‌ಗಂಟ ನಾನೂ ಬತ್ತೀನಿ, ರೇಡಿಯಂ ಅಂಗ್ಡಿ ತಗ್ದಿರ್ತದೆ."

"ಇನ್ಯಾಕೆ ಮಾವ? ಎರಡೂ ಕಡೆ ಚೆನ್ನಾಗೇ ಕಾಣ್ತದಲ್ಲ?"

ಮಾವ ನನ್ನ ಸಂಬಳದ ಮಡ್‌ಗಾರ್ಡಿನ ಮೇಲೆ ಪ್ರೀತಿಯಿಂದ ಕೈಯಾಡಿಸಿದರು.

"ಮುಂದ್ಗಡೆ ಇದೊಂದ್ ಕಾಲಿ ಅದಲ್ಲ!"