ಆರು ಹತ್ತರ ಮಾವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸೋದರಮಾವನ ಕುಡಿತವನ್ನು ನೆಂಟರಿಷ್ಟರ ಮನರಂಜನೆಗೆ ಒದಗಿಸಿದವನು ನಾನು. ಅವರು ಸಾಯಂಕಾಲ ಕುಡಿದು ಗುಬ್ಬಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದುಬರುವುದು ನನ್ನ ಮಿಮಿಕ್ರಿಯ ಅತಿ ಜನಪ್ರಿಯ ಐಟಂ. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲಿ ಹತ್ತು ಜನ ಊಟ ಮುಗಿಸಿ ಎಲೆ ಅಡಿಕೆಗೆ ಕೂತರೂ "ಮಾವನ್ನ ಮಾಡೋ" ಎಂದು ಕೂಗು ಏಳುತ್ತಿತ್ತು. ನಾನೂ ಏಳುತ್ತಿದ್ದೆ. ಯಾರೂ ಕೂಗದಿದ್ದರೂ ಏಳುತ್ತಿದ್ದೆ ಎಂಬುದು ಇನ್ನೂ ದೊಡ್ಡ ನಿಜ!

ಅಂಥ ಶಿಸ್ತಿನ ಕುಡುಕನನ್ನು ತುಮಕೂರು ಜಿಲ್ಲೆ ಕಂಡಿರಲಾರದು. ಮಾವ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು, ಎಷ್ಟು ನಿಮಿಷ ಲೇಟು ಎಂದು ದಪ್ಪ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಆರಕ್ಕೆ ಡ್ಯೂಟಿ ಮುಗಿಯುತ್ತಿತ್ತು. ಆರು ಹತ್ತಕ್ಕೆ ಬ್ರಾಂದಿ ಅಂಗಡಿ. ಅಂಗಡಿಯವನು ಆರು ಒಂಬತ್ತಕ್ಕೆ ಲೋಟ ತೊಳೆದಿಡುತ್ತಿದ್ದ. ಎಂಟೂಕಾಲಿಗೆ ಮನೆ. ನಡುವಿನ ದಾರಿಯಲ್ಲಿ ಪ್ರತಿಯೊಂದು ಲೈಟ್ ಕಂಬದ ಮುಂದೆಯೂ ನಿಂತು, ಟೈಮಾದರೂ ಹೊರಡದೆ ನಿಂತಿದ್ದೀಯಲ್ಲ ಎಂದು ಅದನ್ನು ಗದರಿಸಿ, ಸೀಟಿ ಊದಿ, ಕೈ ಬೀಸಿ ಕಳಿಸಲು ನೋಡುತ್ತಿದ್ದರು. ಕಂಬ ಹೊರಡುತ್ತಿರಲಿಲ್ಲ. ಅಲ್ಲಿಗೆ ನನ್ನ ಐಟಂಗೆ ಭಾರಿ ಚಪ್ಪಾಳೆ.

ಹೆಬ್ಬೂರಿನ ಒಂದು ನಾಮಕರಣದಲ್ಲಿ ಹೀಗೆ ಕಂಬವನ್ನು ಗದರಿಸುತ್ತಿದ್ದಾಗ ಮಾವ ಹಿಂದಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಮಧ್ಯಾಹ್ನವಾದ್ದರಿಂದ ಸ್ವಸ್ಥರಾಗಿದ್ದರು. ನಾನು ನೋಡಿರಲಿಲ್ಲ. ನೋಡಿದವರು ಹೇಳಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವನೇ. ಕಣ್ಣೊರೆಸಿಕೊಂಡು, "ಭಾಳ ಚೆನ್ನಾಗ್ ಮಾಡ್ದೆ ಕಣ್ಲಾ. ಯಾರ್ಲಾ ಅದು?" ಎಂದರು.

ಮೂಲೆಯಲ್ಲಿ ವೀಳ್ಯದೆಲೆಯ ನಾರು ತೆಗೆಯುತ್ತಿದ್ದ ಅತ್ತೆ ತಲೆ ಎತ್ತದೆ, "ನೀವೇ" ಎಂದರು.

ಎರಡು ದಿನ ಬಿಟ್ಟು ಮಾವ ತುಮಕೂರಿನ ನನ್ನ ಬಾಡಿಗೆ ರೂಮಿಗೆ ಬಂದರು. ನಾನು ಆಗ ಕಾಲೇಜಿನಲ್ಲಿ ಓದುತ್ತಿದ್ದೆ, ಅಂದರೆ ಲೆಕ್ಚರರುಗಳ ದನಿ ಕಲಿಯುತ್ತಿದ್ದೆ. ಮಾವ ಮಂಚದ ತುದಿಯಲ್ಲಿ ಕೂತು, ತಾವು ನಿಜವಾಗಿ ಹಾಗೆ ಮಾಡುತ್ತಾರೆಯೇ ಎಂದು ಕೇಳಿದರು. ಸ್ವಲ್ಪ ಸೇರಿಸಿದ್ದೇನೆ ಎಂದೆ.

"ಎಷ್ಟ್ ಸೇರ್ಸಿದೀಯ?"

"ಸೀಟಿ ಒಂದೇ ಮಾವ."

ಆಮೇಲೆ ವಿಷಯ ಹೊರಬಂತು. ಅತ್ತೆ ಗುಬ್ಬಿಯಲ್ಲಿ ಪ್ರೈಮರಿ ಸ್ಕೂಲ್ ಮೇಡಂ. ಕುಣಿಗಲ್ಲಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಜಗಳವಿಲ್ಲ, ಅಳುವಿಲ್ಲ. ಅರ್ಜಿಯ ನಕಲನ್ನು ಮಾವನ ಬನಿಯನ್ನಿನ ಪಕ್ಕದಲ್ಲಿ ಮಡಿಸಿಟ್ಟಿದ್ದರು, ಅಷ್ಟೆ. "ಒಬ್ಳೇ ಹೊಂಟವ್ಳೆ ಕಣೋ" ಎಂದ ಮಾವನ ದನಿಯನ್ನು ನಾನು ಇಂದಿನವರೆಗೂ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಗುಬ್ಬಿಯಲ್ಲಿ ಯಾರಿಗೂ ಗೊತ್ತಾಗಬಾರದೆಂದು ತುಮಕೂರಿನಲ್ಲೇ ಒಬ್ಬ ವಯಸ್ಸಾದ ಡಾಕ್ಟರನ್ನು ಹುಡುಕಿದೆವು. ಗುಟ್ಟು ಎಲ್ಲಿ ಉಳಿಯಬೇಕು? ತಾಲ್ಲೂಕಿನ ಕಂಡಕ್ಟರುಗಳೆಲ್ಲ ಮಾವನಿಗೆ ಪರಿಚಯ. ಪ್ರತಿಯೊಬ್ಬನಿಗೂ ಕಣ್ಣು ತೋರಿಸಲು ಹೊರಟಿದ್ದೇನೆ ಎಂದು ಹೇಳಿ ಹೇಳಿ, ಕೊನೆಗೆ ಮಾವನಿಗೆ ಕಣ್ಣೇ ಕಾಣುವುದಿಲ್ಲವೆಂದು ಸುದ್ದಿಯಾಗಿ ಇಬ್ಬರು ಡ್ರೈವರುಗಳು ಮನೆಗೆ ಬಂದು ಸಮಾಧಾನ ಹೇಳಿದ್ದರು.

ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದರು. ಆರು ಹತ್ತರಿಂದ ಎಂಟು ಗಂಟೆ ಎಂದರು ಮಾವ. ಟೈಮ್ ಅಲ್ಲ, ಕುಡಿದ ಮೇಲೆ ಹೇಗಿರುತ್ತೀರಿ ಎಂದದ್ದಕ್ಕೆ ಮಾವ ನನ್ನ ಕಡೆ ತಿರುಗಿ, "ಅದು ಇವ್ನಿಗೆ ಗೊತ್ತು. ಮಾಡ್ ತೋರ್ಸೋ" ಎಂದರು.

ಮಾಡಿದೆ. ಸೀಟಿ ಬಿಟ್ಟು ಮಾಡಿದೆ. ಔಷಧಿಯ ವಾಸನೆಯ ಆ ಸಣ್ಣ ರೂಮಿನಲ್ಲಿ ತೂರಾಡಿ, ತೊದಲಿ, ಸ್ಟೂಲನ್ನೇ ಕಂಬವೆಂದು ಗದರಿಸಿದೆ. ಡಾಕ್ಟರು ನಗಲಿಲ್ಲ. ಮಾವ ನಗಲಿಲ್ಲ. ಯಾರೂ ನಗದಿದ್ದರೆ ನನ್ನ ಐಟಂ ಏನು ಎಂಬುದನ್ನು ಆವತ್ತು ಮೊದಲ ಸಲ ನೋಡಿದೆ. ಅದೊಬ್ಬ ಮನುಷ್ಯ ಬೀಳದ ಹಾಗೆ ಮನೆ ಮುಟ್ಟಲು ಒದ್ದಾಡುವುದು.

ಮನೆಯ ಬಾಗಿಲು ತಟ್ಟುವಲ್ಲಿಗೆ ನಿಲ್ಲಿಸಿದೆ. ಬಾಗಿಲು ತೆಗೆದ ಮೇಲೆ ಏನಾಗುತ್ತದೆ ಎಂದು ಡಾಕ್ಟರು ಕೇಳಿದರು. ನನಗೆ ಗೊತ್ತಿರಲಿಲ್ಲ; ನಗು ಅಲ್ಲಿಗೇ ಮುಗಿಯುತ್ತಿತ್ತು. ಮಾವನಿಗೂ ನೆನಪಿರಲಿಲ್ಲ. ಹಾಗಾದರೆ ಗೊತ್ತಿರುವವರನ್ನು ಕರೆದುಕೊಂಡು ಬನ್ನಿ ಎಂದು ಡಾಕ್ಟರು ಪೆನ್ನು ಮುಚ್ಚಿದರು.

ಮುಂದಿನ ವಾರ ಅತ್ತೆ ಬಂದರು. ಹಾಜರಿ ಓದುವ ದನಿಯಲ್ಲಿ ಹೇಳಿದರು: "ಬಾಗಿಲು ತೆಗ್ದ ತಕ್ಷಣ ಅಳ್ತಾರೆ. ನಾಳೆಯಿಂದ ಬಿಡ್ತೀನಿ ಅಂತ ನನ್ ತಲೆ ಮುಟ್ಟಿ ಮಾತು ಕೊಡ್ತಾರೆ. ದಿನಾ. ಎಂಟು ವರ್ಷ ಆಯ್ತು."

ಮಾವ ತಮ್ಮ ವಾಚನ್ನು ನೋಡಿಕೊಂಡರು. ನೋಡಲು ಅವರಿಗೆ ಬೇರೇನೂ ಸಿಗಲಿಲ್ಲವೆಂದು ಕಾಣುತ್ತದೆ.

ಡಾಕ್ಟರು ಮಾತ್ರೆ ಬರೆದರು. ಇನ್ನು ಮೇಲೆ ಯಾರಿಗೂ ಮಾತು ಕೊಡಕೂಡದು ಎಂದು ತಾಕೀತು ಮಾಡಿದರು. ಒಂದೇ ಸಲ ನಿಲ್ಲಿಸುವುದು ಬೇಡ. ದಿನಾ ಐದೈದು ನಿಮಿಷ ತಡವಾಗಿ ಶುರು ಮಾಡಿ, ಬರೆದಿಡಿ ಎಂದರು. ಬರೆದಿಡುವುದೇ! ಮಾವನ ಮುಖ ಅರಳಿತು. ಹೊಸ ರಿಜಿಸ್ಟರು ಬಂತು. ನಿಗದಿತ ವೇಳೆ, ಹೊರಟ ವೇಳೆ, ಲೇಟು, ಷರಾ ಎಂದು ಕೆಂಪು ಗೆರೆ ಬಿತ್ತು.

ಹದಿನಾರು ದಿನವಾದ ಮೇಲೆ ಹೆಮ್ಮೆಯಿಂದ ತೋರಿಸಿದರು. ಶುರುವಾಗುವುದು ಏಳೂವರೆಗೆ ಬಂದಿತ್ತು. ಆದರೆ ಮನೆ ಸೇರುವುದು ಅದೇ ಎಂಟೂಕಾಲು, ಅದೇ ಸ್ಥಿತಿ! ಲೇಟಾಗಿ ಹೊರಟ ಬಸ್ಸು ದಾರಿಯಲ್ಲಿ ಸ್ಪೀಡ್ ಹೊಡೆದು ಟೈಮ್ ಕವರ್ ಮಾಡಬೇಕೆಂಬುದು ಮಾವನ ಹದಿನೆಂಟು ವರ್ಷದ ಸರ್ವೀಸು ಕಲಿಸಿದ ಪಾಠ. ಎರಡು ಗಂಟೆಯದನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದರು. ಡಾಕ್ಟರು ಕನ್ನಡಕ ತೆಗೆದಿಟ್ಟು, "ಕವರ್ ಮಾಡ್ಬೇಡ್ರೀ. ಟ್ರಿಪ್ಪೇ ಕಟ್ ಮಾಡಿ" ಎಂದರು.

ಅದು ಅರ್ಥವಾಯಿತು. ಅಲ್ಲಿಯವರೆಗೆ ಯಾರೂ ಅವರ ಭಾಷೆಯಲ್ಲಿ ಹೇಳಿರಲಿಲ್ಲವೇನೋ. ಮೊದಲು ಲೋಟ ಅರ್ಧವಾಯಿತು. ಆಮೇಲೆ ಒಂದು ಮಂಗಳವಾರದ ಮುಂದೆ ಷರಾ ಕಾಲಮ್ಮಿನಲ್ಲಿ "ರದ್ದು" ಎಂದು ಬಿತ್ತು. ಆಮೇಲೆ ಗುರುವಾರ. ಆ ಬೇಸಿಗೆ ರಜೆಯಲ್ಲಿ ನಾನು ಗುಬ್ಬಿಯಲ್ಲೇ ಇದ್ದು ಡ್ಯೂಟಿ ಮುಗಿಸಿ ನೇರ ಮನೆಗೆ ಬಂದ ಮಾವನ ಜೊತೆ ಎಂಟರವರೆಗೆ ಜಗಲಿಯಲ್ಲಿ ಕೂರುತ್ತಿದ್ದೆ. ಡಾಕ್ಟರನ್ನು ಮಾಡಿದೆ, ಕಂಡಕ್ಟರುಗಳನ್ನು ಮಾಡಿದೆ, ನನ್ನನ್ನೇ ಮಾಡಿಕೊಂಡೆ. ಆರು ಹತ್ತಾಗುತ್ತಿದ್ದ ಹಾಗೆ ಮಾವ ಚಪ್ಪಲಿ ಮೆಟ್ಟುವುದು, ಬಿಡುವುದು, ಮತ್ತೆ ಮೆಟ್ಟುವುದು ಶುರುವಾಗುತ್ತಿತ್ತು. ಆಗ ನನ್ನ ಯಾವ ದನಿಯೂ ಕೆಲಸಕ್ಕೆ ಬರುತ್ತಿರಲಿಲ್ಲ. ಒಳಗಿನಿಂದ ಅತ್ತೆ ಒಂದು ಲೋಟ ಮಜ್ಜಿಗೆ ತಂದಿಟ್ಟು ಒಳಗೆ ಹೋಗುತ್ತಿದ್ದರು. ಒಂದು ಸಂಜೆ ಮಾವ ತಡೆಯಲಾರದೆ ಎದ್ದು ಹೋಗಿಯೇಬಿಟ್ಟರು. ಮರುದಿನ ರಿಜಿಸ್ಟರು ನೋಡಿದೆ. ಸುಳ್ಳು ಬರೆದಿರಲಿಲ್ಲ. "ಆರು ಹತ್ತು. ಸಕಾಲ" ಎಂದಿತ್ತು.

ಐದು ತಿಂಗಳಲ್ಲಿ ರದ್ದುಗಳೇ ಜಾಸ್ತಿಯಾಗಿ, ಭಾನುವಾರದ್ದೊಂದು ಉಳಿದಿತ್ತು. ಆಗ ಬಂತು ಕುಣಿಗಲ್ಲಿನ ವರ್ಗದ ಆರ್ಡರು.

ನಾನೂ ಅಲ್ಲಿದ್ದೆ. ಇನ್ನೂ ಆರೂವರೆ. ಅತ್ತೆ ಆರ್ಡರನ್ನು ಜಗಲಿಯ ಮೇಲಿಟ್ಟು ಪಕ್ಕದಲ್ಲಿ ಕೂತರು. ಮಾವ ಅದನ್ನು ಎರಡು ಸಲ ಓದಿದರು. ಕುಣಿಗಲ್ಲಿಗೆ ಬೆಳಿಗ್ಗೆ ಯಾವ ಯಾವ ಬಸ್ಸಿದೆ ಎಂದು ಹೇಳತೊಡಗಿ, ಅರ್ಧಕ್ಕೆ ನಿಲ್ಲಿಸಿದರು. ಡಾಕ್ಟರ ತಾಕೀತು ಮರೆತೇಹೋಯಿತು.

"ಭಾನುವಾರದ್ದೂ ಬಿಡ್ತೀನಿ. ಮಾತು ಕೊಡ್ತೀನಿ ಕಣೇ. ಹೋಗ್ಬ್ಯಾಡ."

ಅತ್ತೆ ಆರ್ಡರನ್ನು ತೆಗೆದುಕೊಂಡು ನಾಲ್ಕಾಗಿ ಮಡಿಸಿದರು.

"ಮಾತು ಬ್ಯಾಡ. ಮಾತು ಎಂಟು ವರ್ಷ ಕೇಳಿದೀನಿ. ನೀವು ಹಿಂಗೆ ಸುಮ್ನೆ ಕೂತಿರೋದ ನೋಡಿರೋದು ಐದೇ ತಿಂಗಳು. ನಂಗಿನ್ನೂ ಸಾಕಾಗಿಲ್ಲ, ಎಲ್ಲಿಗ್ ಹೋಗ್ಲಿ?"