ವ್ಯಾನಿನ ಕಣ್ಣಿಗೆ ಪೊರೆ

ಶವದ ವ್ಯಾನಿನ ಹೆಡ್‌ಲೈಟುಗಳಿಗೆ ಪೊರೆ ಬಂದಿತ್ತು. ಗಾಜಿನ ಹಾಗೆ ಇರಬೇಕಾದ ಪ್ಲಾಸ್ಟಿಕ್ಕು ಬಿಸಿಲು ಕುಡಿದು ಕುಡಿದು ಹಳದಿಗಟ್ಟಿ, ಹೊಗೆಸೊಪ್ಪು ಅಗಿಯುವವನ ಹಲ್ಲಿನಂತಾಗಿತ್ತು. ಮಾಲೀಕನಿಗೆ ಅದೊಂದು ತೊಂದರೆ ಎಂದೇ ಅನಿಸಿರಲಿಲ್ಲ. ಹಿಂದೆ ಮಲಗಿದವರು ಯಾರೂ ಬೆಳಕು ಸಾಲದು ಎಂದು ದೂರು ಕೊಟ್ಟಿಲ್ಲವಲ್ಲ ಎಂಬುದು ಅವನ ವಾದ. ಆದರೆ ವಾಹನ ತಪಾಸಣೆಯ ಅಧಿಕಾರಿ ಬದುಕಿರುವ ಮನುಷ್ಯ. ಇಂದು ಸಂಜೆ ಕಚೇರಿ ಮುಚ್ಚುವುದರೊಳಗೆ ಲೈಟು ಸರಿಯಾಗಿ ಬರದಿದ್ದರೆ ವ್ಯಾನು ರಸ್ತೆಗಿಳಿಯಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದ.

ಹೊಸ ಲೈಟು ಹಾಕಿಸುವ ಮಾತು ಎತ್ತಿದ ಕೂಡಲೇ ಮಾಲೀಕ ಡ್ರೈವರನ ಬಾಯಿ ಮುಚ್ಚಿಸಿದ. ವ್ಯಾನನ್ನು ಮನೆಗೆ ತೆಗೆದುಕೊಂಡು ಹೋಗಿ ಡ್ರೈವರನೇ ಉಜ್ಜಿ ಬೆಳಗಿಸಿ ತರಬೇಕು, ತಪಾಸಣೆಯಲ್ಲಿ ಪಾಸಾಗದಿದ್ದರೆ ನಾಳೆಯಿಂದ ಬರುವುದೇ ಬೇಡ ಎಂದ. ಡ್ರೈವರ್ ಎದುರು ಮಾತಾಡುವವನಲ್ಲ. ಅವನ ವ್ಯಾನಿನಲ್ಲಿ ಕೂತವರು ಅಳುತ್ತಿರುತ್ತಿದ್ದರು, ಮಲಗಿದವರು ಸುಮ್ಮನಿರುತ್ತಿದ್ದರು. ಹೀಗಾಗಿ ಮಾತಿಗೆ ಮಾತು ಕೊಡುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು.

ಇನ್ನೊಂದು ಸಂಕಟವೂ ಇತ್ತು. ಆ ವ್ಯಾನು ಮನೆ ಬಾಗಿಲಿಗೆ ಬರಕೂಡದು ಎಂದು ಹೆಂಡತಿ ಮದುವೆಯ ಮಾತುಕತೆಯಲ್ಲೇ ಕರಾರು ಹಾಕಿದ್ದಳು. ಬಿಸಿಲಿನಲ್ಲಿ ನಿಲ್ಲಿಸೋಣವೆಂದರೆ ಬಳಿದ ಸೋಪಿನ ನೀರು ಉಜ್ಜುವ ಮೊದಲೇ ಆರಿಹೋಗುತ್ತದೆ. ತನ್ನ ಬೀದಿಯ ಉದ್ದಕ್ಕೂ ಕಣ್ಣಾಡಿಸಿದಾಗ ತಂಪಾದ ನೆರಳು ಕಂಡದ್ದು ಟೈಲರ್ ತಾತನ ಮನೆಯ ಮುಂದೆ ಮಾತ್ರ. ಅಲ್ಲೇ ನಿಲ್ಲಿಸಿದ. ಅವನ ಗ್ರಹಚಾರ ಶುರುವಾದದ್ದು ಆ ನೆರಳಿನಿಂದ.

ಟೈಲರ್ ತಾತ ಮದುವೆಯಾಗದ ಮನುಷ್ಯ. ಆ ಬೀದಿಯ ಅರ್ಧ ಜನರ ಪ್ಯಾಂಟುಗಳಿಗೆ ಅವನೇ ಜನ್ಮದಾತ. ನೆಗಡಿ ಹಿಡಿದು ಎರಡು ದಿನದಿಂದ ಹೊರಗೆ ಬಂದಿರಲಿಲ್ಲ, ಬಾಗಿಲು ಮುಚ್ಚಿತ್ತು. ಡ್ರೈವರ್ ಬಕೆಟ್ಟು ತೆಗೆಯಲು ವ್ಯಾನಿನ ಹಿಂದಿನ ಬಾಗಿಲು ತೆರೆದ, ತೆರೆದದ್ದು ಹಾಗೇ ಉಳಿಯಿತು. ಲೈಟಿನ ಸುತ್ತ ಬಣ್ಣಕ್ಕೆ ಗೀರು ಬೀಳದಂತೆ ಟೇಪು ಅಂಟಿಸಿದ. ಆಮೇಲೆ ಮಂಡಿಯೂರಿ, ತಲೆ ತಗ್ಗಿಸಿ, ಒದ್ದೆ ಮಾಡಿದ ಒರಟು ಎಮ್ರಿ ಕಾಗದದಿಂದ ಉಜ್ಜತೊಡಗಿದ.

ಎದುರು ಮನೆಯಲ್ಲಿ ಒಬ್ಬ ಹೆಂಗಸು ಇದ್ದಳು. ಸದಾ ಕಿಟಕಿಯಲ್ಲೇ ಇರುತ್ತಿದ್ದುದರಿಂದ ಬೀದಿ ಅವಳನ್ನು ಕಿಟಕಿ ಅಕ್ಕ ಎನ್ನುತ್ತಿತ್ತು. ಅವಳು ಕಂಡದ್ದು ಇಷ್ಟು: ಟೈಲರನ ಮುಚ್ಚಿದ ಬಾಗಿಲು, ಅದರ ಮುಂದೆ ಬಾಗಿಲು ತೆರೆದ ಶವದ ವ್ಯಾನು, ವ್ಯಾನಿನ ಮುಂದೆ ಮಂಡಿಯೂರಿ ಭುಜ ಅಲುಗಿಸುತ್ತಿರುವ ಡ್ರೈವರ್. ಇನ್ನೇನು ಬೇಕು? ಅವಳು ಫೋನು ಎತ್ತಿಕೊಂಡಳು.

ಮೊದಲು ಬಂದವನು ಮೂಲೆಯ ಔಷಧಿ ಅಂಗಡಿಯವನು. ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಡ್ರೈವರನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸುತ್ತ ನೋಡಿ, ಮೆಲ್ಲಗೆ ಕೇಳಿದ.

"ಕೊನೇಲಿ ಯಾವ ಮಾತ್ರೆ ತಗೊಂಡಿದ್ರಂತೆ?"

ಡ್ರೈವರನಿಗೆ ತಲೆಬುಡ ತಿಳಿಯಲಿಲ್ಲ. ತಾನು ಲೈಟು ಉಜ್ಜುತ್ತಿದ್ದೇನೆ, ಯಾರೂ ಸತ್ತಿಲ್ಲ ಎಂದ. ಔಷಧಿಯವನು ಅರ್ಥವಾಯಿತು ಎಂಬಂತೆ ಅವನ ಕೈ ಅದುಮಿದ. ಎಲ್ಲರಿಗೂ ಹೀಗೇ ಹೇಳುತ್ತಿರು, ನಾನು ಕೊಟ್ಟದ್ದು ಬರೀ ನೆಗಡಿ ಮಾತ್ರೆ, ಎಂದು ಬೇಡಿಕೊಂಡ. ಹೋಗಿ ಅಂಗಡಿಯಿಂದ ದೊಡ್ಡ ಟ್ಯೂಬು ಟೂತ್‌ಪೇಸ್ಟು ತಂದುಕೊಟ್ಟ. ಲೈಟಿಗೆ ಇದು ಒಳ್ಳೆಯದಂತೆ, ಇಟ್ಟುಕೋ ಎಂದ. ಬದುಕಿನಲ್ಲಿ ಡ್ರೈವರನಿಗೆ ಸಿಕ್ಕ ಮೊದಲ ಲಂಚ ಅದು.

ಅಷ್ಟರಲ್ಲಿ ಜನ ಬರತೊಡಗಿದರು. ಯಾರೋ ಹೂವಿನ ಗೊಂಚಲು ತಂದು, ಮುಚ್ಚಿದ ಬಾಗಿಲ ಮುಂದೆ ಇಡಲು ಧೈರ್ಯ ಸಾಲದೆ, ವ್ಯಾನಿನ ಬಾನೆಟ್ಟಿನ ಮೇಲಿಟ್ಟರು. ಡ್ರೈವರ್ ಬಂದವರಿಗೆಲ್ಲ ತಾತ ಬದುಕಿದ್ದಾರೆ ಎಂದು ಹೇಳಿದ. ಶವದ ವ್ಯಾನಿನವನ ಬಾಯಲ್ಲಿ ಬಂದ ಆ ಮಾತನ್ನು ಯಾರೂ ನಂಬಲಿಲ್ಲ. ಪಾಪ, ದುಃಖದಲ್ಲಿ ಏನೋ ಹೇಳ್ತಿದಾನೆ ಎಂದುಕೊಂಡರು.

ಕೊನೆಗೆ ಅವನು ತಾತನನ್ನೇ ಹೊರಗೆ ಕರೆಯುವುದು ವಾಸಿ ಎಂದು, ನೀರು ತರುವ ನೆಪದಲ್ಲಿ ಬಕೆಟ್ಟು ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಹೋದ. ಟೈಲರ್ ತಾತ ಮುಂಬಾಗಿಲಿನ ಸಂದಿಗೆ ಕಿವಿ ಇಟ್ಟು ಕುರ್ಚಿಯಲ್ಲಿ ಕೂತಿದ್ದ. ಕುತ್ತಿಗೆಗೆ ಮಫ್ಲರು, ಮೂಗು ಕೆಂಪು. ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಹೊಲಿಗೆ ಎಂದೂ ಬಿಚ್ಚಿದ್ದಿಲ್ಲ ಎಂದು ಒಬ್ಬರು ಹೇಳಿದ್ದನ್ನೂ, ಹೇಳಿದ ದಿನಕ್ಕೆ ಎಂದೂ ಕೊಟ್ಟದ್ದೂ ಇಲ್ಲ ಎಂದು ಇನ್ನೊಬ್ಬರು ಸೇರಿಸಿದ್ದನ್ನೂ.

"ತಾತ, ಒಂದ್ಸಲ ಹೊರಗೆ ಬಂದು ಮುಖ ತೋರಿಸಿ. ನಾನು ತಪಾಸಣೆಗೆ ಹೋಗಬೇಕು."

"ಸ್ವಲ್ಪ ತಡೀಪ್ಪ. ನನ್ನ ತಮ್ಮ ಬರ್ಲಿ."

ಆ ತಮ್ಮ ಊರಿನ ಇನ್ನೊಂದು ಮೂಲೆಯಲ್ಲಿ ದೊಡ್ಡ ಜವಳಿ ಅಂಗಡಿ ಇಟ್ಟವನು. ಅವನ ಮದುವೆಗೆ ತಾತನೇ ಕೋಟು ಹೊಲಿದಿದ್ದ. ಬೀಗರ ಎದುರಿಗೇ ಆ ತಮ್ಮ, ಕೋಟಿನ ಒಂದು ತೋಳು ಉದ್ದವಾಗಿದೆ ಎಂದ. ತೋಳು ಉದ್ದವಲ್ಲ, ನಿನ್ನ ಕೈ ಗಿಡ್ಡ ಎಂದು ತಾತ ಅಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇಬ್ಬರ ತಲೆಯೂ ನೆರೆತುಹೋಯಿತು.

"ಕಿಟಕಿಯೋಳು ಅವನಿಗೆ ಫೋನು ಮಾಡಿದ್ದು ನನಗೆ ಕೇಳಿಸ್ತು," ಎಂದ ತಾತ. "ಬರ್ತಾನೆ. ಬಂದೇ ಬರ್ತಾನೆ. ವ್ಯಾನು ಇಲ್ಲದಿದ್ರೆ ನಂಬಲ್ಲ ಅವನು, ಹಾಗೇ ವಾಪಸ್ ಹೋಗಿಬಿಡ್ತಾನೆ. ನೀನು ಅಲ್ಲೇ ನಿಂತಿರು."

ಡ್ರೈವರ್ ಬಕೆಟ್ಟು ಹಿಡಿದು ನಿಂತೇ ಇದ್ದ. ದೂರದಿಂದ ಬರುವ ನೆಂಟರಿಗಾಗಿ ಗಂಟೆಗಟ್ಟಲೆ ಕಾಯುವ ಮನೆಯವರನ್ನು ಅವನು ಬೇಕಾದಷ್ಟು ನೋಡಿದ್ದ. ಹೊರಡಬೇಕಾದವನೇ ಎದ್ದು ಕೂತು ಕಾಯುವುದನ್ನು ಎಲ್ಲೂ ನೋಡಿರಲಿಲ್ಲ. ಆಗಲಿ, ಹೇಗೂ ಲೈಟು ಇನ್ನೂ ಮುಗಿದಿಲ್ಲ ಎಂದು ಹೊರಬಂದ.

ಲೈಟು ಮುಗಿದಿಲ್ಲ ಎನ್ನುವುದು ಸಣ್ಣ ಮಾತು. ಉಜ್ಜಿದ್ದು ಒಣಗಿ, ಹಳದಿ ಇದ್ದದ್ದು ಈಗ ಹಾಲು ಚೆಲ್ಲಿದಂತೆ ಬೆಳ್ಳಗಾಗಿತ್ತು. ಮೊದಲು ಕಣ್ಣಿಗೆ ಪೊರೆ ಇತ್ತು, ಈಗ ಕಣ್ಣೇ ಹೋದ ಹಾಗಾಯಿತು. ಕಿಟಕಿ ಅಕ್ಕ ಬಂದು ನೋಡಿ ತಲೆ ಕೊಡವಿದಳು. ಇಂಥ ಕುರುಡು ವ್ಯಾನಿನಲ್ಲಿ ಆ ಮುದುಕನನ್ನು ಕಳಿಸುವುದೇ ಎಂದು ಗಟ್ಟಿಯಾಗಿಯೇ ಕೇಳಿ, ಮತ್ತೆ ಫೋನು ತೆಗೆದು ಬದಿಗೆ ಹೋದಳು.

ಕಾದು ನಿಂತವರ ಕೈಗೆ ಕೆಲಸವಿರಲಿಲ್ಲ. ಬೆಳ್ಳಗಾದರೆ ಹೆದರಬೇಡ, ಇನ್ನೂ ನಯವಾದ ಕಾಗದದಿಂದ ಉಜ್ಜು, ಆಮೇಲೆ ಪೇಸ್ಟು ಹಚ್ಚು ಎಂದು ಒಬ್ಬ ಹೇಳಿದ. ಹೇಳಿದವನೇ ಅಂಗಿಯ ತೋಳು ಮಡಚಿ ತಿಕ್ಕಲು ಕೂತ. ಇನ್ನೊಬ್ಬ ಬಲಗಡೆಯ ಲೈಟು ಹಿಡಿದ. ಔಷಧಿಯವನು ಪಾಪಪರಿಹಾರ ಮಾಡಿಕೊಳ್ಳುವವನಂತೆ ಎಲ್ಲರಿಗಿಂತ ಜೋರಾಗಿ ತಿಕ್ಕಿದ. ದುಃಖಕ್ಕೆ ಬಂದವರು ಸರದಿಯ ಮೇಲೆ ಕೂತು ತಿಕ್ಕಿದರು. ತಿಕ್ಕುತ್ತ ತಾತನ ಗುಣಗಾನ ಮಾಡಿದರು. ಗುಣಗಾನ ಮುಗಿದು ಅವನ ಮುಂಗೋಪದ ಮಾತು ಬಂದಾಗ ಒಳಗಿನಿಂದ ಒಂದು ಸೀನು ಕೇಳಿತು. ಡ್ರೈವರ್ ತಕ್ಷಣ ತಾನೇ ಸೀನಿದವನಂತೆ ಮೂಗು ಒರೆಸಿಕೊಂಡ. ಎಷ್ಟು ಹಚ್ಚಿಕೊಂಡಿದ್ದ ನೋಡು ಎಂದು ಜನ ಮರುಗಿದರು.

ಬಟ್ಟೆಯಿಂದ ಒರೆಸಿದಾಗ ಎರಡು ಲೈಟೂ ಊರಿನ ಕೆರೆಯ ತಿಳಿನೀರಿನ ಹಾಗೆ ಹೊಳೆದವು. ಒಳಗಿನ ಬಲ್ಬು, ಬಲ್ಬಿನ ತಂತಿ ಎಲ್ಲ ಎಣಿಸಬಹುದಿತ್ತು. ಡ್ರೈವರ್ ಮೇಲೆ ತೆಳ್ಳಗೆ ವಾರ್ನಿಶ್ ಸಿಂಪಡಿಸಿದ. ಅದು ಆರುವ ಹೊತ್ತಿಗೆ ಹೊರಟರೆ ತಪಾಸಣೆಗೆ ಸರಿಯಾಗುತ್ತಿತ್ತು. ಹೊರಡುತ್ತೇನೆಂದು ಹೇಳಲು ಮತ್ತೆ ಒಳಗೆ ಹೋದ. ತಾತ ಮಫ್ಲರು ಕಿತ್ತು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಬಾಗಿಲ ಹಿಂದೆ ನಿಂತಿದ್ದ.

"ಅವನು ಬಂದ ಕೂಡ್ಲೆ ಬಾಗಿಲು ತೆಗೆದು, ಕೋಟು ತಂದಿದೀಯಾ, ತೋಳು ಸರಿಮಾಡಿ ಕೊಡ್ತೀನಿ, ಅಂತೀನಿ," ಎಂದ. "ಸರಿಯಾಗಿದೆ ಅಲ್ವಾ ಮಾತು? ಜಾಸ್ತಿ ಆಯ್ತಾ?"

ಸರಿಯಾಗಿದೆ ತಾತ, ಎಂದ ಡ್ರೈವರ್. ಹೊರಡುವ ಮಾತು ನಾಲಿಗೆಯ ಮೇಲೇ ಉಳಿಯಿತು. ಹೊರಗೆ ಬಂದು ವ್ಯಾನಿಗೆ ಒರಗಿ ನಿಂತ. ವಾರ್ನಿಶ್ ಆರಿತು. ಕಚೇರಿ ಮುಚ್ಚುವ ಹೊತ್ತು ಬಂತು, ಹೋಯಿತು.

ಆಗ ಬೀದಿಯ ತಿರುವಿನಲ್ಲಿ ಒಂದು ಗಾಡಿಯ ಸದ್ದಾಯಿತು. ಜನ ದಾರಿ ಬಿಟ್ಟರು. ಬಂದದ್ದು ಕಾರಲ್ಲ. ಉದ್ದನೆಯ, ಬಿಳಿಯ, ನುಣುಪಾದ ಇನ್ನೊಂದು ಶವದ ವ್ಯಾನು. ಮಾಲೀಕನ ಹಗಲಿರುಳಿನ ಶತ್ರುವಾದ ಇನ್ನೊಂದು ಕಂಪನಿಯದು. ಟೋಪಿ ಹಾಕಿದ ಇಬ್ಬರು ಇಳಿದು, ಟೈಲರ್ ಮನೆ ಇದೇನಾ, ಅವರ ತಮ್ಮ ಕಳಿಸಿದ್ದಾರೆ ಎಂದರು.

"ಅವರು ಬರಲ್ವಾ?" ಎಂದು ಡ್ರೈವರ್ ಕೇಳಿದ.

"ಅವರಿಗೆ ವ್ಯಾಪಾರ ಬಿಟ್ಟು ಬರೋಕಾಗಲ್ವಂತೆ. ಆದ್ರೆ ಅಲ್ಲಿ ನಿಂತಿರೋ ವ್ಯಾನಿಗೆ ಲೈಟೇ ಸರಿಯಿಲ್ವಂತೆ, ನಮ್ಮಣ್ಣ ಒಳ್ಳೇ ಗಾಡೀಲಿ ಹೋಗ್ಲಿ ಅಂದ್ರು. ಬಾಡಿಗೆ ಪೂರ್ತಿ ಕೊಟ್ಟಿದಾರೆ."

ಬಾಗಿಲು ತೆರೆಯಿತು. ತಾತ ಹೊಸ್ತಿಲ ಮೇಲೆ ನಿಂತಿದ್ದ. ಹೂವು ತಂದವರು ಹೂವನ್ನೂ ಔಷಧಿಯವನು ಟೂತ್‌ಪೇಸ್ಟನ್ನೂ ಮೆಲ್ಲಗೆ ವಾಪಸು ತೆಗೆದುಕೊಂಡರು. ಬದುಕಿದ್ದಕ್ಕೆ ಸಂತೋಷಪಡಬೇಕೋ, ಹಾಳಾದ ಮಧ್ಯಾಹ್ನಕ್ಕೆ ಸಿಟ್ಟಾಗಬೇಕೋ ಯಾರಿಗೂ ಹೊಳೆಯಲಿಲ್ಲ. ಟೋಪಿಯವರಲ್ಲಿ ಒಬ್ಬ, ಖಾಲಿ ವಾಪಸ್ ಹೋದರೆ ಬೈಗುಳ ನಮಗೇ ಎಂದು ಗೊಣಗಿದ.

"ಖಾಲಿ ಯಾಕೆ ಹೋಗ್ತೀರ," ಎಂದ ತಾತ. "ನಾನೇ ಬರ್ತೀನಿ. ಕಳಿಸಿದವನ ಅಂಗಡಿ ಮುಂದೆ ಇಳಿಸಿ."

ಡ್ರೈವರ್ ಅವನ ತೋಳು ಹಿಡಿದ. ನಾನೇ ಬಿಡ್ತೀನಿ ತಾತ, ನನ್ನ ವ್ಯಾನಲ್ಲಿ ಬನ್ನಿ ಎಂದ. ತಾತ ಹೊಳೆಯುವ ಲೈಟುಗಳನ್ನು ಒಮ್ಮೆ ನೋಡಿದ.

"ಚೆನ್ನಾಗಿ ಮಾಡಿದೀಯಪ್ಪ. ಆದ್ರೆ ಇಷ್ಟು ವರ್ಷಕ್ಕೆ ನನ್ನ ತಮ್ಮ ಕಳಿಸಿದ್ದು ಇದೊಂದೇ. ಬೇಡ ಅಂತ ಹೇಗೆ ಹೇಳ್ಲಿ?"

ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ಯಾರ ಕಡೆಗೂ ತಿರುಗದೆ ಹೊರಟುಹೋದ. ಬಿಳಿ ವ್ಯಾನು ತಿರುವಿನಲ್ಲಿ ಮರೆಯಾಗುವ ಮೊದಲೇ ಡ್ರೈವರನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಾಲೀಕ. ತಪಾಸಣೆಯ ಮಾತೇ ಅವನು ಎತ್ತಲಿಲ್ಲ.

"ನಿಮ್ಮ ಬೀದೀಲೇ ಸಾವಂತೆ. ನೀನು ಮಧ್ಯಾಹ್ನದಿಂದ ಅದೇ ಮನೆ ಬಾಗಿಲಲ್ಲಿ ನಿಂತಿದೀಯಂತೆ. ಬಾಡಿಗೆ ಆ ಕಂಪನಿಯೋರಿಗೆ ಹೋಯ್ತಂತೆ. ಹೌದಾ?"

ಯಾರೂ ಸತ್ತಿಲ್ಲ ಎಂದು ಡ್ರೈವರ್ ಹೇಳಿದ. ಹಾಗಾದರೆ ಆ ವ್ಯಾನಿನಲ್ಲಿ ಯಾರನ್ನು ಕೊಂಡೊಯ್ದರು ಎಂದು ಮಾಲೀಕ ಕೇಳಿದ.

"ಟೈಲರ್ ತಾತನ್ನ. ಆದ್ರೆ ಬದುಕಿದಾರೆ ಸಾರ್. ಮುಂದಿನ ಸೀಟಲ್ಲಿ ಕೂತ್ಕೊಂಡು ಹೋದ್ರು."

ಮಾಲೀಕನ ಧ್ವನಿಯಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು.

"ಬದುಕಿರೋರೂ ಅವರ ವ್ಯಾನೇ ಬೇಕು ಅಂತ ಹತ್ತಿ ಕೂರೋ ಕಾಲ ಬಂತು. ನೀನು ಸತ್ತೋರನ್ನೂ ಬಿಟ್ಟು ಲೈಟು ಉಜ್ತಾ ಕೂತಿದೀಯ. ಗಾಡಿ ತಂದು ಶೆಡ್ಡಲ್ಲಿ ನಿಲ್ಲಿಸಿ, ಬೀಗದಕೈ ಕೊಟ್ಟು ಹೋಗು. ನಾಳೆಯಿಂದ ಬರಬೇಡ."