ಲಾಂಡ್ರಿ ಹೊಗೆ ಹಾಕಿಸಿಕೊಂಡಿದ್ದು

ಲಾಂಡ್ರಿಯ ಚಿಮಣಿ ಹೊಗೆ ಉಗುಳುವುದನ್ನು ನಿಲ್ಲಿಸಿ ವಾರವಾಗಿತ್ತು. ಬೀದಿಯ ಬಾಯಿ ಮಾತ್ರ ನಿಂತಿರಲಿಲ್ಲ.

"ಏನಪ್ಪಾ ಬಾಯ್ಲರಣ್ಣ, ನಿಮ್ಮ ಲಾಂಡ್ರಿ ಹೊಗೆ ಹಾಕಿಸ್ಕೊಂಡಿತಂತೆ?" ಎದುರು ಕಿಟಕಿಯಿಂದ ಟೈಲರಕ್ಕ ಕೇಳಿದಳು.

"ಅಯ್ಯೋ, ಹೊಗೆ ನಿಂತಿದೆ ಅಷ್ಟೇ ಅಕ್ಕಾ! ಗಾಳಿಯಂತ್ರದ ಕರೆಂಟಲ್ಲಿ ಓಡೋ ಹೊಸ ಬಾಯ್ಲರ್ ಬಂದಿದೆ. ಬಟ್ಟೆ ಮೊದಲಿಗಿಂತ ಎರಡರಷ್ಟು ಬರ್ತಿದೆ."

"ನನ್ನ ಕಿವಿಗೆ ಹೂವಿಡಬೇಡ. ಒಲೆ ಉರಿದ್ರೆ ಹೊಗೆ, ಹೊಗೆ ಇದ್ರೆ ಕೆಲಸ. ನಮ್ಮಜ್ಜಿ ಕಾಲದಿಂದ ಇದೇ ಲೆಕ್ಕ."

ಬೇರೆ ದಿನವಾಗಿದ್ದರೆ ಬಾಯ್ಲರಣ್ಣ ನಕ್ಕು ಸುಮ್ಮನಾಗುತ್ತಿದ್ದ. ಇವತ್ತು ಔಷಧಿ ಅಂಗಡಿಯ ಹುಡುಗಿಯ ಅಪ್ಪ, ಅಳಿಯನಾಗುವವನ ಕೆಲಸ ಗಟ್ಟಿಯೋ ಜೊಳ್ಳೋ ಎಂದು ನೋಡಲು ಬರುವವರಿದ್ದರು. ಅವರು ಯಾವುದೋ ಸರ್ಕಾರಿ ಕಚೇರಿಯವರು ಎಂದಷ್ಟೇ ಗೊತ್ತು. ಹುಡುಗಿಯ ಮುಖ ನೋಡುವುದರಲ್ಲಿ ಉಳಿದದ್ದು ಕೇಳಲು ಅವನಿಗೆಲ್ಲಿ ಪುರುಸೊತ್ತು? ದಾರಿ ಕೇಳಲು ಅವರು ನಿಲ್ಲುವುದಂತೂ ಟೈಲರಕ್ಕನ ಕಿಟಕಿಯ ಕೆಳಗೇ. ಆಕೆ "ಮುಚ್ಚಿಹೋಯ್ತು" ಅಂದರೆ ಮದುವೆಯ ಕತೆಯೂ ಮುಗಿಯಿತು.

ಒಂದು ದಿನ ಹೊಗೆ ಬಿಟ್ಟರೆ ಗಂಟೇನು ಹೋಗುತ್ತದೆ? ಹಿತ್ತಲಿನ ಹಳೇ ಬಾಯ್ಲರಿನ ಹೊಟ್ಟೆಗೆ ಒದ್ದೆ ಮರದ ಪುಡಿ, ಹರಿದ ಗೋಣಿಚೀಲ, ಸಾಲದೆಂದು ತನ್ನ ಸವೆದ ರಬ್ಬರ್ ಚಪ್ಪಲಿಯನ್ನೂ ತುರುಕಿ ಕಡ್ಡಿ ಗೀರಿದ. ಚಿಮಣಿ ಒಮ್ಮೆ ಕೆಮ್ಮಿತು. ಆಮೇಲೆ ಎಮ್ಮೆಯಂಥ ಕರಿ ಹೊಗೆ ಹೊರಬಂದು ಬೀದಿಯ ಮೇಲೆ ಆರಾಮಾಗಿ ಮಲಗಿಕೊಂಡಿತು.

"ಈಗ ನೋಡು, ಲಾಂಡ್ರಿಗೆ ಕಳೆ ಬಂತು!" ಎಂದು ಟೈಲರಕ್ಕ ಚಪ್ಪಾಳೆ ತಟ್ಟುತ್ತಲೇ ಕೆಮ್ಮಿದಳು.

ಅದೇ ಹೊಗೆಯೊಳಗಿಂದ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಹುಡುಗಿಯ ಅಪ್ಪ ಬಂದರು.

"ನಮಸ್ಕಾರ ಮಾವ! ನೋಡಿ, ಕೆಲಸ ಎಷ್ಟು ಭರ್ಜರಿಯಾಗಿ ನಡೀತಿದೆ!"

"ನಿನ್ನೆಯೇ ಬಂದು ದೂರದಿಂದ ನೋಡಿ ಹೋಗಿದ್ದೆ ಕಣಪ್ಪಾ. ಒಳಗೆ ಮಿಷನ್ನು ಗಡಗಡ ಅಂತಿದ್ವು, ಚಿಮಣಿ ತಣ್ಣಗಿತ್ತು. ಹೊಗೆ ಬಿಡದೆ ಬೆಳೆಯೋ ಜಾಗ, ಕಣ್ಣುಮುಚ್ಚಿ ಮಗಳನ್ನ ಕೊಡಬಹುದು ಅಂದ್ಕೊಂಡೆ. ನಾನಿರೋದು ಹೊಗೆ ತಪಾಸಣೆ ಕಚೇರಿಯಲ್ಲಿ."

ಬಾಯ್ಲರಣ್ಣ ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಮಾವನಾಗಿ ಬಂದೋನು ಅಧಿಕಾರಿಯಾಗಿ ಹೋಗ್ಬೇಕಾಯ್ತಲ್ಲಪ್ಪಾ! ನಾಳೆ ನೋಟಿಸ್ ಬರುತ್ತೆ. ಮದುವೆ ಮಾತು ಈ ಹೊಗೆ ಇಳಿದ ಮೇಲೆ." ಆದರೂ ಹೊರಡುವ ಮುಂಚೆ ಅವನ ಮೂಗಿನ ಮೇಲಿನ ಮಸಿಯನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು.

ಆಗ ಅವನ ಕಣ್ಣು ತಾರಸಿಯ ಕಡೆ ಹೋಯಿತು. ಒಣಗಲು ಹಾಕಿದ್ದ ಆಸ್ಪತ್ರೆಯ ಹಾಸಿಗೆಬಟ್ಟೆಗಳಲ್ಲಿ ಒಂದೂ ಬಿಳಿಯಾಗಿ ಉಳಿದಿರಲಿಲ್ಲ. ಎಲ್ಲವನ್ನೂ ಮತ್ತೆ ಒಗೆಯಬೇಕು.

"ನಾನು ಹೇಳ್ಲಿಲ್ವಾ?" ಟೈಲರಕ್ಕ ಹಿಗ್ಗಿನಿಂದ ಕೂಗಿದಳು. "ಹೊಗೆ ಬಂತು, ನೋಡು, ಕೈತುಂಬಾ ಕೆಲಸವೂ ಬಂತು!"